ಇಲಿಯ ವಪೆ, ನಮ್ಮ ಉಸಿರು

ಪೊಳಲಿ ಚೆಂಡು ನೋಡಿದವರಿಗೆ ಗೊತ್ತು, ಆ ಆಟ ಶ್ವಾಸಕೋಶಕ್ಕೇ ಒಂದು ಪರೀಕ್ಷೆ. ಮಾರ್ಚ್-ಏಪ್ರಿಲ್‌ನ ಸೆಕೆ, ರಾಜರಾಜೇಶ್ವರಿ ದೇವಸ್ಥಾನದ ಹತ್ತಿರದ ಗದ್ದೆ, ಚರ್ಮದ ದೊಡ್ಡ ಚೆಂಡು, ಅದರ ಹಿಂದೆ ಓಡುವ ಊರಿನ ಗಂಡಸರ ದಂಡು. ಐದು ದಿನ ಇದೇ. ಆಟ ನಿಂತ ಕೂಡಲೇ ಯಾರಾದರೂ ಒಬ್ಬರ ಏದುಸಿರು ಎಣಿಸಿ ನೋಡಿ: ನಿಮಿಷಕ್ಕೆ ನಲವತ್ತು ಸಲೀಸಾಗಿ ದಾಟಿರುತ್ತದೆ. ಅಲ್ಲೇ ತೆಂಗಿನ ಮರದಲ್ಲಿ ಕೂತು ಜನರನ್ನು ನೋಡುವ ಅಳಿಲು, ಅಂದರೆ ನಮ್ಮ ತುಳುವಿನ ಚಣಿಲ್, ಏನೂ ಕೆಲಸ ಮಾಡದೆಯೂ ಅದರ ಎರಡು ಪಟ್ಟು ವೇಗದಲ್ಲಿ ಉಸಿರಾಡುತ್ತಿರುತ್ತದೆ. ಅದಕ್ಕೆ ದಣಿವಾಗಿಲ್ಲ. ಅದರ ಮಾಮೂಲಿ ಉಸಿರೇ ಅಷ್ಟು.

ಈ ವ್ಯತ್ಯಾಸದ ಹಿಂದೆ ಇರುವುದು ಒಂದು ಸ್ನಾಯು. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಅದು ವಪೆ, ಉಳಿದವರಿಗೆ ಡಯಾಫ್ರಮ್. ಎದೆಗೂಡಿಗೂ ಹೊಟ್ಟೆಗೂ ನಡುವೆ ಗುಮ್ಮಟದ ಹಾಗೆ ಹರಡಿಕೊಂಡ ತೆಳು ಹಾಳೆ. ಸಂಕುಚಿಸಿದಾಗ ಗುಮ್ಮಟ ಕೆಳಗಿಳಿಯುತ್ತದೆ, ಎದೆಯ ಜಾಗ ಹೆಚ್ಚುತ್ತದೆ, ಗಾಳಿ ಒಳಗೆ ಬರುತ್ತದೆ. ಇಂಥ ಸ್ನಾಯುವಿನ ವಪೆ ಇರುವುದು ಸಸ್ತನಿಗಳಿಗೆ ಮಾತ್ರ, ಹಕ್ಕಿಗಳಿಗೂ ಇಲ್ಲ. ಹುಟ್ಟಿದಂದಿನಿಂದ ಸಾಯುವವರೆಗೆ ರಜೆಯೇ ಇಲ್ಲದ ಎರಡು ಸ್ನಾಯುಗಳಲ್ಲಿ ಇದೊಂದು. ಇನ್ನೊಂದಾದ ಹೃದಯದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಕವಿಗಳೂ ಸೇರಿ. ವಪೆಗೆ ಆ ಭಾಗ್ಯ ಇಲ್ಲ.

ಮೊದಲು ಸಣ್ಣ ಪ್ರಾಣಿ ಯಾಕೆ ಬೇಗ ಬೇಗ ಉಸಿರಾಡಬೇಕು ಅಂತ ನೋಡೋಣ. ಇದಕ್ಕೆ ಬಯಾಲಜಿ ಕಡಿಮೆ, ಲೆಕ್ಕ ಸಾಕು. ಒಂದು ಉಸಿರಿನಲ್ಲಿ ಒಳಬರುವ ಗಾಳಿ ಹೆಚ್ಚುಕಡಿಮೆ ದೇಹದ ತೂಕಕ್ಕೆ ಅನುಪಾತದಲ್ಲಿರುತ್ತದೆ: ಇಲಿಯಾಗಲಿ ಮನುಷ್ಯನಾಗಲಿ, ಕಿಲೋಗೆ ಸುಮಾರು 7–8 ಮಿಲಿಲೀಟರ್. ಆದರೆ ದೇಹಕ್ಕೆ ಬೇಕಾಗುವ ಆಮ್ಲಜನಕ ತೂಕದ ಅನುಪಾತದಲ್ಲಿ ಏರುವುದಿಲ್ಲ. ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದ ಹಾಗೆ ಅದು ತೂಕದ ಮುಕ್ಕಾಲನೇ ಘಾತಕ್ಕೆ ಹತ್ತಿರ. ಬೇಕಾದದ್ದನ್ನು ಒಂದು ಉಸಿರಿನ ಗಾತ್ರದಿಂದ ಭಾಗಿಸಿ: ಉಸಿರಿನ ಫ್ರೀಕ್ವೆನ್ಸಿ ತೂಕದ ಮೈನಸ್ ಕಾಲನೇ ಘಾತಕ್ಕೆ ಬಂದು ನಿಲ್ಲುತ್ತದೆ. ಅಂದರೆ ತೂಕ ಎಷ್ಟು ಪಟ್ಟು ಕಡಿಮೆಯೋ ಅದರ ನಾಲ್ಕನೇ ಮೂಲದಷ್ಟು ಉಸಿರು ಜೋರು.

70 ಕಿಲೋ ಮನುಷ್ಯನ ಉಸಿರು ನಿಮಿಷಕ್ಕೆ 16 ಅಂತ ಇಟ್ಟುಕೊಳ್ಳಿ. 20 ಗ್ರಾಂನ ಚಿಟ್ಟಿಲಿ 3,500 ಪಟ್ಟು ಹಗುರ. ನಾಲ್ಕನೇ ಮೂಲ ಸುಮಾರು 7.7. ಗುಣಿಸಿದರೆ ನಿಮಿಷಕ್ಕೆ 120ರ ಆಸುಪಾಸು. ನಿಜವಾಗಿ ಅಳೆದಾಗಲೂ ಇಲಿಮರಿಗಾತ್ರದ ಪ್ರಾಣಿಗಳಲ್ಲಿ ಇದೇ ಮಟ್ಟದ, ಸ್ವಲ್ಪ ಜಾಸ್ತಿಯೇ ಸಂಖ್ಯೆ ಸಿಗುತ್ತದೆ. ನೂರು ಗ್ರಾಂನ ಅಳಿಲಿಗೆ 80 ಚಿಲ್ಲರೆ. ಪೊಳಲಿಯ ತೆಂಗಿನ ಮರದ ಲೆಕ್ಕ ಅಲ್ಲಿಗೆ ಸರಿಹೋಯಿತು.

ಈಗ ಸುಂಡಿಲಿಗೆ ಬನ್ನಿ. ರಾತ್ರಿ ಅಡುಗೆಮನೆಯ ಗೋಡೆಬದಿಯಲ್ಲಿ ಚಿಕ್ ಚಿಕ್ ಅಂತ ಓಡುವ, ಉದ್ದ ಮೂತಿಯ, ವಾಸನೆಯ ಪ್ರಾಣಿ. ಹೆಸರಿನಲ್ಲಿ ಇಲಿ ಉಂಟು, ಆದರೆ ಇಲಿಯ ಕುಟುಂಬವೇ ಅಲ್ಲ. ಹುಳಹುಪ್ಪಟೆ ತಿನ್ನುವ ಬೇರೆ ಗುಂಪು. ನಮ್ಮ ಮನೆಯ ಸುಂಡಿಲಿಯದು ಸುಂಕಸ್ ಎಂಬ ಕುಲ. ಅದೇ ಕುಲದಲ್ಲಿ ಎಟ್ರಸ್ಕನ್ ಸುಂಡಿಲಿ ಅಂತ ಒಂದು ಉಂಟು. ತೂಕ ಸುಮಾರು 2 ಗ್ರಾಂ, ಒಂದು ರೂಪಾಯಿ ನಾಣ್ಯಕ್ಕಿಂತ ಹಗುರ. ತೂಕದ ಲೆಕ್ಕದಲ್ಲಿ ಜಗತ್ತಿನ ಅತಿ ಚಿಕ್ಕ ಸಸ್ತನಿ. ನಮ್ಮ ಸೂತ್ರ ಇದಕ್ಕೆ ನಿಮಿಷಕ್ಕೆ 220 ಉಸಿರು ಕೊಡುತ್ತದೆ. 1996ರಲ್ಲಿ ಯುರ್ಗೆನ್ಸ್ ಮತ್ತು ಸಂಗಡಿಗರು ಅಳೆದಾಗ ಸಿಕ್ಕಿದ್ದು ವಿಶ್ರಾಂತಿಯಲ್ಲಿ ಸರಾಸರಿ 661, ಗರಿಷ್ಠ 894! ಸೂತ್ರದ ಮೂರು ಪಟ್ಟು. ಸುಂಡಿಲಿಗಳ ಚಯಾಪಚಯವೇ ಆ ಗಾತ್ರಕ್ಕೆ ನಿರೀಕ್ಷಿಸುವುದಕ್ಕಿಂತ ಬಹಳ ಹೆಚ್ಚು, ಹಾಗಾಗಿ ಗ್ರಾಫಿನ ಗೆರೆಯಿಂದ ಅದು ಎದ್ದು ಹೊರಗೆ ಕೂತಿದೆ. 661 ಅಂದರೆ ಒಂದು ಉಸಿರಿಗೆ 0.09 ಸೆಕೆಂಡ್. ಅಷ್ಟರಲ್ಲಿ ವಪೆ ಸಂಕುಚಿಸಬೇಕು, ಸಡಿಲಬೇಕು, ಮತ್ತೆ ತಯಾರಾಗಬೇಕು.

ಇಷ್ಟು ಕೇಳಿದ ಮೇಲೆ ಸಣ್ಣ ಪ್ರಾಣಿಯ ವಪೆ ಬೇರೆಯೇ ಯಾವುದೋ ಮೆಟೀರಿಯಲ್‌ನಿಂದ ಆಗಿರಬೇಕು ಅನ್ನಿಸುತ್ತದೆ. ಹಾಗಿಲ್ಲ. ಬಲದ ವಿಷಯದಲ್ಲಿ ಅದೂ ನಮ್ಮದೂ ಒಂದೇ. ಇದನ್ನು ಮೆಕ್ಯಾನಿಕಲ್‌ನವರು ಮತ್ತು ಸಿವಿಲ್‌ನವರು ತಾವೇ ಲೆಕ್ಕ ಹಾಕಿ ನೋಡಬಹುದು, ಯಾಕಂದರೆ ವಪೆಯೂ ಒಂದು ತೆಳುಗೋಡೆಯ ಪ್ರೆಶರ್ ವೆಸಲ್. ಗೋಳಾಕಾರದ ತೆಳು ಚಿಪ್ಪಿಗೆ ಸ್ಟ್ರೆಸ್ ಎಷ್ಟು? ಒತ್ತಡ ಗುಣಿಸು ತ್ರಿಜ್ಯ, ಭಾಗಿಸು ದಪ್ಪದ ಎರಡರಷ್ಟು. ಮನುಷ್ಯನ ವಪೆಯ ದಪ್ಪ ಸುಮಾರು 2 ಮಿಲಿಮೀಟರ್. ಗುಮ್ಮಟದ ತ್ರಿಜ್ಯವನ್ನು 6 ಸೆಂಟಿಮೀಟರ್ ಅಂತ ಹಿಡಿಯಿರಿ. ಸುಮ್ಮನೆ ಕೂತು ಉಸಿರಾಡುವಾಗ ವಪೆಯ ಎರಡು ಬದಿಗಳ ನಡುವೆ 8 ಸೆಂಟಿಮೀಟರ್ ನೀರಿನ ಒತ್ತಡ, ಅಂದರೆ 0.8 ಕಿಲೋಪ್ಯಾಸ್ಕಲ್. ಉತ್ತರ: ಚದರ ಸೆಂಟಿಮೀಟರಿಗೆ ಸುಮಾರು 1.2 ನ್ಯೂಟನ್. ಈಗ ಶಕ್ತಿ ಎಲ್ಲ ಹಾಕಿ ಉಸಿರೆಳೆಯಿರಿ. ಆರೋಗ್ಯವಂತರಲ್ಲಿ ಒತ್ತಡ 100 ಸೆಂಟಿಮೀಟರ್ ನೀರಿನವರೆಗೂ ಹೋಗುತ್ತದೆ. ಆಗ ಸ್ಟ್ರೆಸ್ 15ರ ಹತ್ತಿರ. ಸ್ನಾಯುವಿನ ತುಂಡನ್ನು ಬೆಂಚಿನ ಮೇಲೆ ಪೂರ್ತಿ ಪ್ರಚೋದಿಸಿ ಅಳೆದರೆ ಸಿಗುವ ಗರಿಷ್ಠ 20ರ ಆಸುಪಾಸು. ಕಚ್ಚಾ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದದ್ದು ನನಗಂತೂ ಖುಷಿ ಕೊಟ್ಟಿತು. (ನಿಜವಾದ ವಪೆಯ ಅಂಚು ಪಕ್ಕೆಲುಬಿಗೆ ತಾಗಿಕೊಂಡು ಸಿಲಿಂಡರಿನ ಪಿಸ್ಟನ್ ಹಾಗೆ ಜಾರುತ್ತದೆ, ಹಾಗಾಗಿ ಗೋಳದ ಸೂತ್ರ ಪೂರ್ತಿ ಸತ್ಯ ಅಲ್ಲ. ಅಂದಾಜಿಗೆ ಸಾಕು.)

ಈಗ ಇಡೀ ಪ್ರಾಣಿಯನ್ನು ಇಲಿಯ ಗಾತ್ರಕ್ಕೆ ಕುಗ್ಗಿಸಿ. ತ್ರಿಜ್ಯ ಕಡಿಮೆ ಆಯಿತು, ದಪ್ಪವೂ ಅದೇ ಅನುಪಾತದಲ್ಲಿ ಕಡಿಮೆ ಆಯಿತು. ದೊಡ್ಡ ಇಲಿಯ ವಪೆ ಅರ್ಧ ಮಿಲಿಮೀಟರಿನಷ್ಟು. ಉಸಿರೆಳೆಯುವ ಒತ್ತಡ ಎಲ್ಲ ಸಸ್ತನಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಸ್ಟ್ರೆಸ್ಸೂ ಒಂದೇ! ಇಲಿಯ ವಪೆಯ ಒಂದು ಪಟ್ಟಿ ಕೊಡುವ ಗರಿಷ್ಠ ಎಳೆತವೂ ಚದರ ಸೆಂಟಿಮೀಟರಿಗೆ 20 ನ್ಯೂಟನ್ನಿನ ಸುತ್ತಲೇ. ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ಒಂದನ್ನೊಂದು ಹಿಡಿದು ಎಳೆಯುವ ಏರ್ಪಾಡು ಎರಡರಲ್ಲೂ ಅದೇ ಆದ್ದರಿಂದ ಬಲ ಗಾತ್ರವನ್ನು ಕೇಳುವುದಿಲ್ಲ.

ಗಾತ್ರವನ್ನು ಕೇಳುವುದು ಸಮಯ. ಇಲಿಯಿಂದ ನಮಗೆ ಬಲದ ಅಂಕಿಗಳು ನೇರವಾಗಿ ದಾಟುತ್ತವೆ, ಸಮಯದ ಅಂಕಿಗಳು ದಾಟುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಆಸ್ಪತ್ರೆಗೆ ಹೋದಾಗ ಬೇಕಾಗುತ್ತದೆ.

ಬಾವಿಯಿಂದ ನೀರು ಸೇದಿದವರಿಗೆ ಸ್ನಾಯುವಿನ ಮುಖ್ಯ ನಿಯಮ ಗೊತ್ತೇ ಇರುತ್ತದೆ. ಖಾಲಿ ಕೊಡಪಾನ ಸರಸರ ಮೇಲೆ ಬರುತ್ತದೆ, ತುಂಬಿದ್ದು ನಿಧಾನ, ಬಂಡೆಗೆ ಸಿಕ್ಕಿಕೊಂಡರೆ ಎಷ್ಟು ಎಳೆದರೂ ಅಲ್ಲೇ. ಭಾರ ಹೆಚ್ಚಿದಂತೆ ವೇಗ ಕಡಿಮೆ. ಎ. ವಿ. ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುವಿನ ಮೇಲೆ ಅಳೆದು ಇದಕ್ಕೆ ಒಂದು ಹೈಪರ್‌ಬೋಲಾ ಸಮೀಕರಣ ಕೊಟ್ಟರು. ಬಲ ಗುಣಿಸು ವೇಗ ಅಂದರೆ ಪವರ್. ಗರಿಷ್ಠ ವೇಗದ ಸುಮಾರು ಮೂರನೇ ಒಂದು ಭಾಗದಲ್ಲಿ ಓಡುವಾಗ ಸ್ನಾಯು ಅತಿ ಹೆಚ್ಚು ಪವರ್ ಕೊಡುತ್ತದೆ. ಆದರೆ ವಪೆ ಒಂದೇ ವೇಗದಲ್ಲಿ ಒಂದು ಸಲ ಎಳೆದು ನಿಲ್ಲುವ ಯಂತ್ರ ಅಲ್ಲ, ಹೋಗಿ ಬಂದು ಹೋಗಿ ಬಂದು ಮಾಡುವ ರೆಸಿಪ್ರೊಕೇಟಿಂಗ್ ಎಂಜಿನ್. ಅದನ್ನು ಅಳೆಯಲು ರಾಬರ್ಟ್ ಜೋಸೆಫ್‌ಸನ್ 1985ರಲ್ಲಿ ಬಳಕೆಗೆ ತಂದ ವರ್ಕ್ ಲೂಪ್ ವಿಧಾನ ನಮ್ಮ ಥರ್ಮೋ ಲ್ಯಾಬಿನ ಇಂಡಿಕೇಟರ್ ಡಯಾಗ್ರಮ್‌ನ ಅಣ್ಣತಮ್ಮ. ಸ್ನಾಯುವಿನ ಪಟ್ಟಿಯನ್ನು 37 ಡಿಗ್ರಿಯ ಲವಣದ್ರಾವಣದಲ್ಲಿ ಇಟ್ಟು, ಒಂದು ತುದಿಯನ್ನು ಮೋಟಾರಿಗೆ ಕಟ್ಟಿ ಸೈನ್ ತರಂಗದ ಹಾಗೆ ಹಿಗ್ಗಿಸಿ ಕುಗ್ಗಿಸುತ್ತಾರೆ. ಕುಗ್ಗುವ ಹೊತ್ತಿಗೆ ಸರಿಯಾಗಿ ವಿದ್ಯುತ್ ಪ್ರಚೋದನೆ. ಉದ್ದ ಒಂದು ಅಕ್ಷ, ಬಲ ಇನ್ನೊಂದು. ಸಿಗುವ ಕುಣಿಕೆಯ ವಿಸ್ತೀರ್ಣವೇ ಒಂದು ಸುತ್ತಿನ ಕೆಲಸ. ಸೆಕೆಂಡಿಗೆ ಎಷ್ಟು ಸುತ್ತೋ ಅದರಿಂದ ಗುಣಿಸಿದರೆ ಪವರ್.

ಫ್ರೀಕ್ವೆನ್ಸಿ ಏರಿಸುತ್ತಾ ಹೋದರೆ ಏನಾಗುತ್ತದೆ? ಮೊದಮೊದಲು ಪವರ್ ಏರುತ್ತದೆ. ಆಮೇಲೆ ಒಂದು ತೊಂದರೆ ಶುರು. ಸ್ನಾಯು ಪೂರ್ತಿ ಸಡಿಲವಾಗುವ ಮೊದಲೇ ಮೋಟಾರು ಅದನ್ನು ಹಿಗ್ಗಿಸಲು ಬರುತ್ತದೆ, ಸ್ನಾಯು ಎದುರು ನಿಲ್ಲುತ್ತದೆ. ಆ ಭಾಗದಲ್ಲಿ ಕೆಲಸ ನೆಗೆಟಿವ್. ಕುಣಿಕೆ ಸಪೂರವಾಗುತ್ತದೆ, ಕೊನೆಗೆ ಎಂಟರ ಆಕಾರಕ್ಕೆ ತಿರುಚಿಕೊಳ್ಳುತ್ತದೆ. ಹಾಗಾಗಿ ಎಷ್ಟು ಬೇಗ ಎಳೆಯಬಲ್ಲದು ಎನ್ನುವಷ್ಟೇ ಮುಖ್ಯ, ಎಷ್ಟು ಬೇಗ ಬಿಡಬಲ್ಲದು ಎನ್ನುವುದು. ಬಿಡಬೇಕಾದರೆ ನಾರಿನೊಳಗೆ ಹರಡಿದ ಕ್ಯಾಲ್ಸಿಯಂ ಅನ್ನು ಪಂಪ್ ಮಾಡಿ ವಾಪಸ್ ಚೀಲಕ್ಕೆ ತುಂಬಬೇಕು. ಆ ಪಂಪಿನ ಸಾಮರ್ಥ್ಯವೇ ಮಿತಿ. ಬ್ರಿಟನ್ನಿನ ಆಲ್ಟ್ರಿಂಗ್‌ಹ್ಯಾಮ್ ಮತ್ತು ಯಂಗ್ 1991ರಲ್ಲಿ ಚಿಟ್ಟಿಲಿ, ದೊಡ್ಡ ಇಲಿ, ಮೊಲ ಮೂರರ ವಪೆಯನ್ನೂ ಹೀಗೆ ಓಡಿಸಿ ನೋಡಿದರು. ಪ್ರಾಣಿ ಚಿಕ್ಕದಾದಷ್ಟೂ ಗರಿಷ್ಠ ಪವರ್ ಕೊಡುವ ಫ್ರೀಕ್ವೆನ್ಸಿ ಮೇಲಕ್ಕೆ ಹೋಗುತ್ತದೆ. ಪ್ರತಿ ಪ್ರಾಣಿಯ ವಪೆಯೂ ತನ್ನ ಉಸಿರಿನ ತಾಳಕ್ಕೆ ಟ್ಯೂನ್ ಆಗಿದೆ.

ಬೇಗ ಎಳೆಯುವ ನಾರಿಗೆ ಇಂಧನ ಜಾಸ್ತಿ ಬೇಕು. ಅದೇ ಎಳೆತ ಹಿಡಿದಿಡಲು ಅದು ಹೆಚ್ಚು ಎಟಿಪಿ ಸುಡುತ್ತದೆ. ಮೂಡುಬಿದ್ರೆ ಎಕ್ಸ್‌ಪ್ರೆಸ್ ಬಸ್ಸಿನ ಡೀಸೆಲ್ ಲೆಕ್ಕದ ಹಾಗೆ. ಕೈಕಾಲಿನ ವೇಗದ ನಾರುಗಳಾದರೆ ಸ್ವಲ್ಪ ಹೊತ್ತಿಗೇ ಸುಸ್ತು. ಸಣ್ಣ ಪ್ರಾಣಿಯ ವಪೆಗೆ ಸುಸ್ತಾಗುವ ಅವಕಾಶವೇ ಇಲ್ಲ. ಅದಕ್ಕೆ ಪ್ರಕೃತಿ ಮಾಡಿದ ಉಪಾಯವನ್ನು ಗೋಥಿಯರ್ ಮತ್ತು ಪಡಿಕುಲಾ ಎಂಬ ಇಬ್ಬರು 1966ರಲ್ಲಿ ಸುಂಡಿಲಿಯಿಂದ ಹಸುವಿನವರೆಗೆ ಹಲವು ಪ್ರಾಣಿಗಳ ವಪೆಯನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ತೋರಿಸಿದರು. ಚಿಕ್ಕ ಪ್ರಾಣಿಗಳಲ್ಲಿ ನಾರುಗಳು ಸಪೂರ, ಕೆಂಪು, ಮೈಟೋಕಾಂಡ್ರಿಯಾದಿಂದ ಕಿಕ್ಕಿರಿದಿವೆ. ಹಸುವಿನಲ್ಲಿ ನಾರು ದಪ್ಪ, ಮೈಟೋಕಾಂಡ್ರಿಯಾ ಕಡಿಮೆ. ಸಪೂರ ಆದಷ್ಟೂ ಆಮ್ಲಜನಕ ಒಳಗೆ ಹರಡುವ ದಾರಿ ಚಿಕ್ಕದು. ಆದರೆ ಮೈಟೋಕಾಂಡ್ರಿಯಾ ತುಂಬಿದ ಜಾಗದಲ್ಲಿ ಎಳೆಯುವ ಪ್ರೋಟೀನು ಕೂರುವ ಹಾಗಿಲ್ಲ. ಟ್ಯಾಂಕ್ ದೊಡ್ಡದಾದರೆ ಸೀಟು ಕಡಿಮೆ.

ಇಲಿಯ ವಪೆಗೆ ಕೈಯಲ್ಲಿ ಮೀಸಲು ಬಲವೂ ಸಾಕಷ್ಟು ಉಂಟು. ಮಾಮೂಲಿ ಉಸಿರಿಗೆ ಅದು ಬಳಸುವುದು ತನ್ನ ಗರಿಷ್ಠದ ಕಾಲುಭಾಗದಷ್ಟು. ಪೂರ್ತಿ ಬಲ ಬೇಕಾಗುವುದು ಸೀನುವಾಗ, ಕೆಮ್ಮುವಾಗ.

ಇಷ್ಟೆಲ್ಲ ಇಲಿಯ ವಪೆಯ ಬಗ್ಗೆಯೇ ಯಾಕೆ ಗೊತ್ತು ಎನ್ನುವುದಕ್ಕೂ ಒಂದು ಮೆಕ್ಯಾನಿಕಲ್ ಕಾರಣ ಉಂಟು. ಅರ್ಧ ಮಿಲಿಮೀಟರ್ ದಪ್ಪದ ಹಾಳೆಯನ್ನು ದೇಹದಿಂದ ತೆಗೆದು ದ್ರಾವಣದಲ್ಲಿ ಇಟ್ಟರೆ ಎರಡೂ ಬದಿಯಿಂದ ಆಮ್ಲಜನಕ ನಡುವಿನವರೆಗೆ ತಲುಪುತ್ತದೆ, ಸ್ನಾಯು ಗಂಟೆಗಟ್ಟಲೆ ಜೀವಂತ ಇರುತ್ತದೆ. ದಪ್ಪ ಸ್ನಾಯುವಾದರೆ ನಡುಭಾಗ ಉಸಿರುಗಟ್ಟಿ ಸಾಯುತ್ತದೆ. ಎಡಿತ್ ಬುಲ್‌ಬ್ರಿಂಗ್ 1946ರಲ್ಲಿ ಇಲಿಯ ವಪೆಯನ್ನು ಅದರ ಫ್ರೆನಿಕ್ ನರದ ಸಮೇತ ಬಿಡಿಸಿಕೊಂಡು, ನರಕ್ಕೆ ಕರೆಂಟ್ ಕೊಟ್ಟು ಸ್ನಾಯುವಿನ ಎಳೆತ ಅಳೆಯುವ ವಿಧಾನ ಪ್ರಕಟಿಸಿದರು. ಔಷಧಶಾಸ್ತ್ರದ ಲ್ಯಾಬುಗಳಲ್ಲಿ ಅದು ಮನೆಮಾತಾಯಿತು.

ಆ ಪುಟ್ಟ ಏರ್ಪಾಡಿನಿಂದ ನಮ್ಮೂರಿಗೆ ನೇರ ಸಂಬಂಧ ಇರುವ ಒಂದು ಉತ್ತರ ಸಿಕ್ಕಿತು. ಕಡಂಬಳ ಕಚ್ಚಿದರೆ ಉಸಿರು ಯಾಕೆ ನಿಲ್ಲುತ್ತದೆ? ಬಂಟ್ವಾಳ, ಬೆಳ್ತಂಗಡಿ ಕಡೆಯ ಗದ್ದೆತೋಟದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚುತ್ತದೆ, ಗಾಯ ಕಾಣುವುದೇ ಕಷ್ಟ, ನೋವೂ ಕಡಿಮೆ. ಮೊದಲು ರೆಪ್ಪೆ ಜೋಲುತ್ತದೆ, ಕೊನೆಗೆ ಉಸಿರು. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಅಲ್ಲಿನ ಕಡಂಬಳ ಜಾತಿಯ ಹಾವಿನ ವಿಷವನ್ನು ಬಿಡಿಬಿಡಿ ಮಾಡಿ, ಇಲಿಯ ವಪೆಯಂಥ ಸ್ನಾಯುಗಳ ಮೇಲೆ ಪರೀಕ್ಷಿಸಿದರು. ಒಂದು ಭಾಗ ಸ್ನಾಯುವಿನ ಕಡೆಯ ಬಾಗಿಲಿಗೆ ಬೀಗ ಹಾಕುತ್ತದೆ. ಇನ್ನೊಂದು ನರದ ತುದಿಯನ್ನೇ ಹಾಳು ಮಾಡುತ್ತದೆ. ಎರಡೂ ಸಂದರ್ಭದಲ್ಲಿ ಸ್ನಾಯು ಸ್ವತಃ ಗಟ್ಟಿಮುಟ್ಟಾಗಿಯೇ ಇರುತ್ತದೆ: ನೇರ ಅದಕ್ಕೇ ಕರೆಂಟ್ ಕೊಟ್ಟರೆ ಎಳೆಯುತ್ತದೆ. ಎಂಜಿನ್ ಸರಿ ಉಂಟು, ವಯರ್ ಕಟ್. ನರದ ತುದಿ ಒಮ್ಮೆ ಹಾಳಾದ ಮೇಲೆ ಆಂಟಿವೆನಮ್ ಅದನ್ನು ರಿಪೇರಿ ಮಾಡುವುದಿಲ್ಲ; ಹೊಸದಾಗಿ ಚಿಗುರಬೇಕು. ಅಲ್ಲಿಯವರೆಗೆ, ದಿನಗಟ್ಟಲೆ, ರೋಗಿಯನ್ನು ಉಳಿಸುವುದು ವೆಂಟಿಲೇಟರ್. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು. ಆದರೂ ಮಂತ್ರ-ಮದ್ದು ಅಂತ ಗಂಟೆ ಕಳೆದು ಆಮೇಲೆ ಆಸ್ಪತ್ರೆಗೆ ಬರುವವರು ಇನ್ನೂ ಇದ್ದಾರೆ. ಉಸಿರು ನಿಲ್ಲುವ ಮೊದಲು ಯಂತ್ರ ಇರುವ ಜಾಗಕ್ಕೆ ತಲುಪಿದರೆ ಇದು ಬದುಕಿಸಬಹುದಾದ ಕಡಿತ.

ವೆಂಟಿಲೇಟರ್ ಅಂದರೆ 2020 ನೆನಪಾಗುತ್ತದೆ. ಆ ವರ್ಷ ಬೆಂಗಳೂರಿನ ಬಿಇಎಲ್, ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸ ಇಟ್ಟುಕೊಂಡು 30,000 ವೆಂಟಿಲೇಟರ್‌ಗಳ ಆರ್ಡರ್ ಹಿಡಿಯಿತು. ನಮ್ಮ ಸೀನಿಯರ್‌ಗಳಂಥ ಎಂಜಿನಿಯರುಗಳ ಕೆಲಸ ಅದು. ಆದರೆ ಯಂತ್ರವೇ ಪೂರ್ತಿ ಉಸಿರಾಡಿಸಿದರೆ ವಪೆಗೆ ಜೀವನದಲ್ಲಿ ಮೊದಲ ಸಲ ರಜೆ ಸಿಗುತ್ತದೆ, ಮತ್ತು ಅದಕ್ಕೆ ರಜೆ ಒಗ್ಗುವುದಿಲ್ಲ. ಸ್ಕಾಟ್ ಪವರ್ಸ್ ತಂಡ 2002ರಲ್ಲಿ ಇಲಿಗಳನ್ನು ವೆಂಟಿಲೇಟರಿಗೆ ಹಾಕಿ ನೋಡಿತು. 12 ಗಂಟೆಯಲ್ಲೇ ವಪೆಯ ಗರಿಷ್ಠ ಸ್ಟ್ರೆಸ್ ಇಳಿದಿತ್ತು, 24 ಗಂಟೆಗೆ ಅರ್ಧದ ಹತ್ತಿರ ಹೋಗಿತ್ತು. ಕಾಲಿಗೆ ಪ್ಲಾಸ್ಟರ್ ಹಾಕಿದರೆ ಸ್ನಾಯು ಸೊರಗಲು ವಾರಗಳು ಬೇಕು. ವಪೆಗೆ ಒಂದು ದಿನ ಸಾಕು.

ಇದು ಇಲಿಯ ಗಂಟೆ. ನಮ್ಮದು ಎಷ್ಟು? ಸಮಯ ದಾಟುವುದಿಲ್ಲ ಎಂದೆನಲ್ಲ, ಇಲ್ಲಿ ಅದು ಬಂತು. ಕಾಲನೇ ಘಾತದ ಗಡಿಯಾರ ಹಿಡಿದರೆ ಕಾಲು ಕಿಲೋ ಇಲಿಯ ಒಂದು ಗಂಟೆ ನಮ್ಮ ನಾಲ್ಕು ಗಂಟೆ. 12 ಗಂಟೆ ಅಂದರೆ ಎರಡು ದಿನ. 2008ರಲ್ಲಿ ಲೆವಿನ್ ಮತ್ತು ಸಂಗಡಿಗರು, ಅಂಗಾಂಗ ದಾನಕ್ಕೆ ಮೊದಲು 18ರಿಂದ 69 ಗಂಟೆ ವೆಂಟಿಲೇಟರಿನಲ್ಲಿದ್ದ ಮಿದುಳು ಸತ್ತವರ ವಪೆ ಪರೀಕ್ಷಿಸಿದಾಗ ನಾರುಗಳ ಅಡ್ಡಕೊಯ್ತದ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆಯಾಗಿತ್ತು. ನಮ್ಮ ಎರಡು ದಿನ ಆ ನಡುವೆಯೇ ಬೀಳುತ್ತದೆ. ಇದನ್ನು ನಿಯಮ ಅಂತ ನಾನು ಹೇಳುವುದಿಲ್ಲ. ಪ್ರೋಟೀನು ಕರಗುವುದಕ್ಕೂ ಉಸಿರಿನ ತಾಳಕ್ಕೂ ಒಂದೇ ಗಡಿಯಾರ ಇರಬೇಕು ಅಂತೇನಿಲ್ಲ. ಆದರೆ ಇಲಿಯ ಗಂಟೆಗಳನ್ನು ಹಾಗೇ ಎತ್ತಿ ಮನುಷ್ಯನಿಗೆ ಅಂಟಿಸುವವರಿಗಿಂತ ಇದು ವಾಸಿ.

ಸೊರಗುವುದು ಒಂದಾದರೆ ಗಡುಸಾಗುವುದು ಇನ್ನೊಂದು. ಡುಶೆನ್ ಎಂಬ ಸ್ನಾಯುಕ್ಷಯ ಗಂಡುಮಕ್ಕಳಿಗೆ ಬರುವ ಅನುವಂಶಿಕ ರೋಗ. ಅದೇ ಜೀನ್ ಕೆಟ್ಟ ಎಂಡಿಎಕ್ಸ್ ಎಂಬ ಚಿಟ್ಟಿಲಿಯ ತಳಿ ಇದೆ, ಆದರೆ ಅದರ ಕಾಲುಗಳು ಹೆಚ್ಚು ಹಾಳಾಗುವುದಿಲ್ಲ. ಹಾಗಾಗಿ ಅದು ಒಳ್ಳೆಯ ಮಾದರಿಯೇ ಎಂಬ ಅನುಮಾನ ಇತ್ತು. 1991ರಲ್ಲಿ ಸ್ಟೆಡ್‌ಮನ್ ತಂಡ ಅದರ ವಪೆಯನ್ನು ಅಳೆಯಿತು. ಎರಡು ವರ್ಷದ ಇಲಿಯಲ್ಲಿ ಬಲ ಆರೋಗ್ಯವಂತ ಇಲಿಯ 13.5 ಶೇಕಡಾಕ್ಕೆ ಇಳಿದಿತ್ತು, ಸ್ಥಿತಿಸ್ಥಾಪಕ ಗುಣ ಹೋಗಿ ನಾರಿನ ಜಾಗದಲ್ಲಿ ಗಾಯದ ಅಂಗಾಂಶ ತುಂಬಿತ್ತು. ಆದರೂ ಆ ಇಲಿಗಳು ನೋಡಲು ಸರಿಯಾಗಿಯೇ ಉಸಿರಾಡುತ್ತಿದ್ದವು. ಮೀಸಲು ಬಲ ಅಂದೆನಲ್ಲ, ಅದು ಹೀಗೆ ರೋಗವನ್ನು ಬಹಳ ಕಾಲ ಮುಚ್ಚಿಡುತ್ತದೆ.

ಕೊನೆಯದಾಗಿ ಆಸ್ಪತ್ರೆಯಲ್ಲಿರುವ ಸಣ್ಣ ಸಸ್ತನಿಯ ವಿಷಯ. ಅವಧಿಗೆ ಮೊದಲೇ ಹುಟ್ಟಿದ, ಒಂದು ಕಿಲೋ ತೂಕದ ಮಗು. 70ರ ನಾಲ್ಕನೇ ಮೂಲ 2.9, ಹದಿನಾರರಿಂದ ಗುಣಿಸಿದರೆ 46. ನವಜಾತ ಮಕ್ಕಳ ಉಸಿರು ನಿಜವಾಗಿಯೂ ನಿಮಿಷಕ್ಕೆ 40ರಿಂದ 60. ವಪೆಗೆ ರಜೆ ಕೊಡಬಾರದು ಅಂದರೆ ಮಗುವೇ ಉಸಿರು ಶುರು ಮಾಡಬೇಕು, ಯಂತ್ರ ಅದನ್ನು ಗುರುತಿಸಿ ಬೆಂಬಲಕ್ಕೆ ಬರಬೇಕು. ಗಾಳಿಯ ಹರಿವನ್ನು ನೋಡಿ ಗುರುತಿಸುವ ಯಂತ್ರ 100 ಮಿಲಿಸೆಕೆಂಡ್ ತಡಮಾಡಿದರೆ ದೊಡ್ಡವರಿಗೆ ಗೊತ್ತೇ ಆಗುವುದಿಲ್ಲ, ನಮ್ಮ ಒಳಉಸಿರೇ ಒಂದು ಸೆಕೆಂಡಿಗಿಂತ ಹೆಚ್ಚು. ಮಗುವಿನ ಒಳಉಸಿರು 300 ಮಿಲಿಸೆಕೆಂಡಿನಷ್ಟು. ಮೂರನೇ ಒಂದು ಭಾಗ ಅಲ್ಲೇ ಹೋಯಿತು. ಇನ್ನೂ ತಡವಾದರೆ ಮಗು ಉಸಿರು ಬಿಡುವ ಹೊತ್ತಿಗೆ ಯಂತ್ರ ಊದುತ್ತದೆ, ವರ್ಕ್ ಲೂಪಿನ ನೆಗೆಟಿವ್ ಭಾಗದ ಹಾಗೆ. ಕ್ರಿಸ್ಟರ್ ಸಿಂಡರ್ಬಿ ಮತ್ತು ಸಂಗಡಿಗರು 1999ರಲ್ಲಿ ಇದಕ್ಕೊಂದು ದಾರಿ ಹುಡುಕಿದರು: ಅನ್ನನಾಳದೊಳಗೆ ಇಳಿಸಿದ ಸಪೂರ ನಳಿಕೆಯ ಎಲೆಕ್ಟ್ರೋಡ್‌ಗಳು ವಪೆಯ ವಿದ್ಯುತ್ ಸಂಕೇತವನ್ನೇ ಕೇಳಿಸಿಕೊಳ್ಳುತ್ತವೆ, ಗಾಳಿ ಅಲುಗಾಡುವುದಕ್ಕೂ ಮೊದಲೇ ಯಂತ್ರ ಹೊರಡುತ್ತದೆ. ಆ ಸಂಕೇತ ಕೆಲವು ಮೈಕ್ರೋವೋಲ್ಟ್‌ನಷ್ಟು ಮಾತ್ರ, ಪಕ್ಕದಲ್ಲೇ ಹೃದಯದ ಗದ್ದಲ ಬೇರೆ. ಅದನ್ನು ಬೇರ್ಪಡಿಸುವ ಫಿಲ್ಟರ್ ಬರೆಯುವುದು ಇಸಿಇಯವರ ಕೆಲಸ.